ಐಬು ಯಾವುದು, ಹಳತು ಯಾವುದು?

ಒಂದು ಕಾಲದಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಟಿವಿಯ ಬಗ್ಗೆ ದೊಡ್ಡ ಚರ್ಚೆ ನಡೆಯುತ್ತಿತ್ತು. ಅದು ಹಲಾಲೋ ಹರಾಮೋ, ಟಿವಿ ಇರುವ ಕೋಣೆಯಲ್ಲಿ ನಮಾಜು ಮಾಡಬಹುದೋ ಬಾರದೋ ಎಂದು ಜುಮಾ ಮುಗಿಸಿ ಹೊರಬಂದವರು ಚಪ್ಪಲಿ ಹುಡುಕುತ್ತಲೇ ವಾದಿಸುತ್ತಿದ್ದರು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಜೊತೆಗೆ ದೇಶಕ್ಕೆ ಬಣ್ಣದ ಟಿವಿ ಬಂತು. ಆಮೇಲೆ ಗಲ್ಫಿನಿಂದ ರಜೆಗೆ ಬಂದವರ ಸಾಮಾನುಗಳ ನಡುವೆ ಜಪಾನಿನ ಟಿವಿ ಬಂತು. ಚರ್ಚೆಯಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಅದು ತಾನಾಗಿ ನಿಂತುಹೋಯಿತು. ಈಗ ಯಾರೂ ‘ಮನೆಯಲ್ಲಿ ಟಿವಿ ಯಾಕೆ ಇಟ್ಟಿದ್ದೀರಿ’ ಎಂದು ಕೇಳುವುದಿಲ್ಲ. ‘ಎಷ್ಟು ಇಂಚಿನದು?’ ಎಂದು ಕೇಳುತ್ತಾರೆ.

ಆ ಹಳೆಯ ವಾದವನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಯಿತು. ಟಿವಿ ನೋಡುವುದು ಸರಿಯೇ ಎಂದು ಕೇಳಿದೆವು. ಅದನ್ನು ಮಾರುವ ಬಗೆ ಸರಿಯೇ, ಕೊಳ್ಳುವ ಬಗೆ ಸರಿಯೇ ಎಂದು ಕೇಳಲಿಲ್ಲ. ತೂಕದ ಬಗ್ಗೆ, ಅಳತೆಯ ಬಗ್ಗೆ, ವ್ಯಾಪಾರಿಯ ಮಾತಿನ ಬಗ್ಗೆ ಇಷ್ಟೊಂದು ಕಟ್ಟುನಿಟ್ಟು ಮಾಡಿರುವ ಧರ್ಮವನ್ನು ನಂಬಿದ ನಾವು ತರಕಾರಿಯವನ ತಕ್ಕಡಿಯನ್ನು ಮಾತ್ರ ಅನುಮಾನದಿಂದ ನೋಡಿದೆವು. ಅರವತ್ತು ಸಾವಿರದ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತೆವು.

ಅಂಕೋಲೆಯ ಪಕ್ಕದ ಬಾಳೆಗುಳಿಯಲ್ಲಿ ಕರಾವಳಿ ಹೆದ್ದಾರಿಯಿಂದ ಹುಬ್ಬಳ್ಳಿಯ ಹೆದ್ದಾರಿ ಕವಲೊಡೆಯುತ್ತದೆ. ಘಟ್ಟ ಇಳಿದು ಬಂದ ಲಾರಿಗಳು ಇಲ್ಲಿ ಕಾರವಾರದ ಕಡೆಗೋ ಕುಮಟೆಯ ಕಡೆಗೋ ತಿರುಗುತ್ತವೆ. ಇಲ್ಲಿನ ಒಬ್ಬ ಲಾರಿ ಚಾಲಕರ ಮನೆಯಲ್ಲಿ, ಹೆಂಡತಿ ಚೀಟಿ ಎತ್ತಿದ ಹಣದಿಂದ 55 ಇಂಚಿನ ಟಿವಿ ತಂದಿದ್ದರು. ಹದಿನಾಲ್ಕು ತಿಂಗಳಿಗೆ ಪರದೆಯ ಬಲ ಅರ್ಧ ಕಪ್ಪಾಯಿತು. ವಾರಂಟಿ ಇದ್ದದ್ದು ಹನ್ನೆರಡು ತಿಂಗಳಿಗೆ. ಊರಿನ ಮೆಕ್ಯಾನಿಕ್ ಬಂದು ಹಿಂಬದಿ ಬಿಚ್ಚಿ ನೋಡಿ, ‘ಪ್ಯಾನೆಲ್ ಹೋಗದೆ ಭಾಯಿ. ಇದಕ್ಕೆ ಹಾಕೂ ದುಡ್ಡಿಗೆ ಹೊಸದೇ ಬರ್ತದೆ’ ಎಂದ. ಚಾಲಕರು ಒಂದು ದಿನ ಕಂಡಾಗ ನನ್ನನ್ನು ಕೇಳಿದ್ದು ಇಷ್ಟೇ: ‘ಭಾಯಿ, ಓದಿದವರು ನೀವು. ಈ ಸಲ ಯಾವುದು ತಗೊಂಡರೆ ಮೋಸ ಇಲ್ಲ?’

ಯಾವುದು ಚೆನ್ನ ಎಂದು ಅವರು ಕೇಳಲಿಲ್ಲ, ಯಾವುದರಲ್ಲಿ ಮೋಸವಿಲ್ಲ ಎಂದು ಕೇಳಿದರು. ಮೊದಲನೆಯದು ತಂತ್ರಜ್ಞಾನದ ಪ್ರಶ್ನೆ. ಎರಡನೆಯದು ನೀತಿಯ ಪ್ರಶ್ನೆ. ಅಂಗಡಿಗಳಲ್ಲಿ ಎರಡನೆಯದಕ್ಕೂ ಮೊದಲನೆಯದರ ಉತ್ತರವನ್ನೇ ಕೊಡುತ್ತಾರೆ.

ಆ ಉತ್ತರವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಅಂಗಡಿಯಲ್ಲಿ ‘ಎಲ್‌ಇಡಿ ಟಿವಿ’ ಎಂದು ಮಾರುವುದು ನಿಜವಾಗಿ ಎಲ್‌ಸಿಡಿ ಟಿವಿಯೇ. ದ್ರವಸ್ಫಟಿಕದ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ದೀಪ ಹಿಡಿಯಬೇಕು. ಮೊದಲು ಆ ದೀಪ ಸಣ್ಣ ಟ್ಯೂಬ್‌ಲೈಟಾಗಿತ್ತು, ಆಮೇಲೆ ಎಲ್‌ಇಡಿಯಾಯಿತು. ದೀಪ ಬದಲಾದದ್ದಕ್ಕೆ ಟಿವಿಯ ಹೆಸರೇ ಬದಲಾಯಿತು. ‘ಕ್ಯೂಎಲ್‌ಇಡಿ’ ಎಂದರೂ ಸಾಮಾನ್ಯವಾಗಿ ಅದೇ ಎಲ್‌ಸಿಡಿ. ಬಣ್ಣ ಶುದ್ಧವಾಗಲೆಂದು ನಡುವೆ ಅತಿ ಸೂಕ್ಷ್ಮ ಕಣಗಳ ಒಂದು ಪದರವಿರುತ್ತದೆ. ‘ಮಿನಿ ಎಲ್‌ಇಡಿ’ಯಲ್ಲಿ ಹಿಂದಿನ ದೀಪಗಳು ಚಿಕ್ಕವು, ಸಂಖ್ಯೆಯಲ್ಲಿ ಬಹಳ, ಬೇಕಾದ ಕಡೆ ಮಾತ್ರ ಹೊತ್ತಿಕೊಳ್ಳುತ್ತವೆ. ಇವೆಲ್ಲಕ್ಕಿಂತ ಬೇರೆ ಜಾತಿಯದು ‘ಓಎಲ್‌ಇಡಿ’. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಹಾಗಾಗಿ ಕಪ್ಪು ಎಂದರೆ ಕಪ್ಪೇ. ಆದರೆ ಬೆಳಗುವ ಆ ವಸ್ತು ಸಾವಯವವಾದದ್ದು, ಉರಿದಷ್ಟೂ ಸವೆಯುತ್ತದೆ. ದಿನವಿಡೀ ಒಂದೇ ಸುದ್ದಿ ವಾಹಿನಿ ಹಚ್ಚಿಟ್ಟರೆ ಅದರ ಲಾಂಛನದ ನೆರಳು ಪರದೆಯ ಮೇಲೆ ಶಾಶ್ವತವಾಗಿ ಉಳಿಯಬಹುದು.

ಇದನ್ನು ಹೇಳಲು ಇಷ್ಟು ಸಾಲು ಸಾಕಾಯಿತು. ಆದರೆ ಅಂಗಡಿಯಲ್ಲಿ ಇಷ್ಟನ್ನು ಹೇಳುವವರು ವಿರಳ. ಅಲ್ಲಿ ಹೇಳುವುದು ಇಂಚು, ‘4ಕೆ’ ಮತ್ತು ಕಂತು. ಹತ್ತು ಅಡಿ ದೂರ ಕುಳಿತು 55 ಇಂಚಿನ ಪರದೆ ನೋಡುವ ಸಾಮಾನ್ಯ ಕಣ್ಣಿಗೆ ಹಳೆಯ ಫುಲ್ ಎಚ್‌ಡಿಯ ಚುಕ್ಕೆಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಂಥ ಒಂದು ಚುಕ್ಕೆಯ ಅಗಲ ಸುಮಾರು 0.63 ಮಿಲಿಮೀಟರ್, ಅಷ್ಟು ದೂರದಿಂದ ಕಣ್ಣು ಬೇರ್ಪಡಿಸಬಲ್ಲದ್ದು ಸುಮಾರು 0.9 ಮಿಲಿಮೀಟರ್. ಇದು ಹೈಸ್ಕೂಲಿನ ಲೆಕ್ಕ. ಇದನ್ನು ಯಾರೂ ಮಾಡಿ ತೋರಿಸುವುದಿಲ್ಲ.

ಕೊಳ್ಳುವವನಿಗೆ ವಸ್ತು ಅರ್ಥವಾಗದಿದ್ದಾಗ ಅವನು ಹೆಸರನ್ನು ನಂಬುತ್ತಾನೆ. ಅದು ಸಹಜ. ಹಿಂದೆ ಅದಕ್ಕೊಂದು ಅರ್ಥವೂ ಇತ್ತು. 1963ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಟಿ.ಪಿ.ಜಿ. ನಂಬಿಯಾರ್ ಆರಂಭಿಸಿದ ಬಿಪಿಎಲ್ ಬೆಂಗಳೂರಿನಲ್ಲಿ ನೆಲೆಯೂರಿ ಬೆಳೆದಾಗ, ಆ ಹೆಸರಿನ ಹಿಂದೆ ಒಂದು ಕಾರ್ಖಾನೆ ಇತ್ತು, ಕೆಲಸಗಾರರಿದ್ದರು. ಒನಿಡಾ, ವಿಡಿಯೋಕಾನ್‌ಗಳ ಕಥೆಯೂ ಹಾಗೆಯೇ. ಉದಾರೀಕರಣದ ನಂತರ ಕೊರಿಯಾದ ಕಂಪೆನಿಗಳು ಬಂದವು, ನಮ್ಮವು ಒಂದೊಂದಾಗಿ ಸೊರಗಿದವು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಸೊರಗಿದ ಮೇಲೂ ಹೆಸರುಗಳು ಸಾಯುವುದಿಲ್ಲ. ಕೊಡಕ್‌ನ ಕಥೆ ಕೇಳಿ. 1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಕ್ ಪ್ರಯೋಗಾಲಯದಲ್ಲಿ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ಇಬ್ಬರು ವಿಜ್ಞಾನಿಗಳು ಇಂದಿನ ಓಎಲ್‌ಇಡಿ ಪರದೆಗಳಿಗೆ ದಾರಿ ಮಾಡಿದ ಪ್ರಬಂಧ ಪ್ರಕಟಿಸಿದರು. 2009ರಲ್ಲಿ ಕೊಡಕ್ ಆ ವ್ಯವಹಾರವನ್ನು ಎಲ್‌ಜಿ ಸಮೂಹಕ್ಕೆ ಮಾರಿತು. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. 2016ರಿಂದ ಭಾರತದಲ್ಲಿ ಕೊಡಕ್ ಹೆಸರಿನ ಟಿವಿಗಳು ಬರತೊಡಗಿದವು. ಅವನ್ನು ಮಾಡುತ್ತ ಬಂದದ್ದು ಹೆಸರಿನ ಪರವಾನಗಿ ಪಡೆದ ಒಂದು ಭಾರತೀಯ ಕಂಪೆನಿ. ಕಂಡುಹಿಡಿದ ವಿದ್ಯೆ ಒಂದು ಕಡೆ ಹೋಯಿತು, ಹೆಸರು ಇನ್ನೊಂದು ಕಡೆ ಬಂತು. ಫಿಲಿಪ್ಸ್ 2012ರಲ್ಲಿ ತನ್ನ ಟಿವಿ ವ್ಯವಹಾರದ ಹೆಚ್ಚಿನ ಪಾಲನ್ನು ಟಿಪಿವಿ ಎಂಬ ಕಂಪೆನಿಗೆ ಬಿಟ್ಟುಕೊಟ್ಟಿತು. ತೋಷಿಬಾದ ಟಿವಿ ವ್ಯವಹಾರ 2018ರಲ್ಲಿ ಚೀನಾದ ಹೈಸೆನ್ಸ್ ಪಾಲಾಯಿತು. ಸ್ವಂತ ಹೆಸರಿನಲ್ಲೇ ಟಿವಿ ಮಾರಿದ ಸೋನಿ ಕೂಡ ತನ್ನ ಓಎಲ್‌ಇಡಿ ಪರದೆಗಳನ್ನು ಕೊರಿಯಾದ ಕಾರ್ಖಾನೆಗಳಿಂದ ತರಿಸಿಕೊಂಡಿದೆ.

ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಹೀಗೆ ತಯಾರಾದ ಟಿವಿ ಕೆಟ್ಟದ್ದು ಎಂದೂ ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಹೆಸರು ಎನ್ನುವುದು ಒಂದು ಜಾಮೀನು. ಅಜ್ಜ ಗಳಿಸಿದ ಒಳ್ಳೆಯ ಹೆಸರನ್ನು ನಂಬಿ ಊರಿನವರು ಮೊಮ್ಮಗನಿಗೆ ಸಾಲ ಕೊಡುತ್ತಾರೆ, ಏಕೆಂದರೆ ಮೊಮ್ಮಗ ಆ ಹೆಸರಿಗೆ ಅಂಜುತ್ತಾನೆ. ಆದರೆ ಅಜ್ಜನ ಹೆಸರನ್ನು ಮನೆಯ ಹಾಗೆ ಬಾಡಿಗೆಗೆ ಕೊಡುವಂತಾದರೆ ಆ ಅಂಜಿಕೆ ಯಾರ ಮೇಲಿರುತ್ತದೆ? ಹೆಸರಿನ ಒಡೆಯನ ಮೇಲೆಯೋ, ಬಾಡಿಗೆದಾರನ ಮೇಲೆಯೋ? ಬಾಳೆಗುಳಿಯ ಚಾಲಕರಿಗೆ ಈ ಪ್ರಶ್ನೆಯ ಉತ್ತರ ಸಹಾಯವಾಣಿಯ ಸಂಗೀತದಲ್ಲಿ ಸಿಕ್ಕಿತು. ಇಪ್ಪತ್ತು ನಿಮಿಷ ಕೇಳಿ ಅವರು ಫೋನಿಟ್ಟರು.

ನಮ್ಮ ಫಿಕ್ಹ್‌ನಲ್ಲಿ ಇದಕ್ಕೆ ಎರಡು ಪದಗಳಿವೆ. ಒಂದು ‘ಗರರ್’, ಅಂದರೆ ಕೊಳ್ಳುವವನಿಗೆ ಏನು ಕೊಳ್ಳುತ್ತಿದ್ದೇನೆ ಎಂದು ಗೊತ್ತಾಗದ ಅನಿಶ್ಚಿತ ವ್ಯಾಪಾರ. ಕಡಲೊಳಗೆ ಈಜುತ್ತಿರುವ ಮೀನನ್ನು ಮಾರುವಂತಿಲ್ಲ ಎಂದು ಅದಕ್ಕೆ ಉದಾಹರಣೆ ಕೊಡುತ್ತಾರೆ. ಅಂಕೋಲೆ, ಬೇಲೇಕೇರಿಯ ಮೀನುಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ‘ಐಬ್’, ವಸ್ತುವಿನೊಳಗಿನ ದೋಷ. ಬಚ್ಚಿಟ್ಟ ಐಬು ಆಮೇಲೆ ಕಂಡರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ.

ಮದೀನಾದ ಪೇಟೆಯಲ್ಲಿ ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಿದ್ದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಿದ್ದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತಲ್ಲ ಎಂದರು. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ, ಒಣಗಿದ್ದನ್ನು ಮೇಲಿಟ್ಟದ್ದು ತಪ್ಪು. ಇಮಾಮ್ ಅಬೂ ಹನೀಫಾ ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ಬಟ್ಟೆಯನ್ನು ಅವರ ಪಾಲುದಾರ ದೋಷ ಹೇಳಲು ಮರೆತು ಮಾರಿಬಿಟ್ಟಾಗ, ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ.

ಟಿವಿಯ ಅಂಗಡಿಯಲ್ಲಿ ಒದ್ದೆಯ ಕಾಳು ಯಾವುದು? ಪ್ಯಾನೆಲ್ ಹೋದರೆ ರಿಪೇರಿಗೆ ಟಿವಿಯಷ್ಟೇ ಖರ್ಚು ಎನ್ನುವುದು ಒಂದು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದಕ್ಕೆ ಉತ್ತರವಿಲ್ಲದಿರುವುದು ಇನ್ನೊಂದು. ಸ್ಮಾರ್ಟ್ ಟಿವಿಯ ಆ್ಯಪ್‌ಗಳು ಕೆಲವೇ ವರ್ಷಗಳಲ್ಲಿ ನಿಲ್ಲಬಹುದು ಎನ್ನುವುದು ಮತ್ತೊಂದು. ನಮ್ಮ ಕರಾವಳಿಗೆ ಬೇರೆಯೇ ಒಂದಿದೆ: ಉಪ್ಪಿನ ತೇವದ ಗಾಳಿಗೆ ಸರ್ಕ್ಯೂಟ್ ಬೋರ್ಡ್ ತುಕ್ಕು ಹಿಡಿಯುತ್ತದೆ, ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಸುಟ್ಟುಹೋಗುತ್ತದೆ. ನೋಡುವವನನ್ನೇ ನೋಡುವ ಟಿವಿಯೂ ಉಂಟು. ಜನ ಏನು ನೋಡುತ್ತಾರೆ ಎಂಬ ಮಾಹಿತಿಯನ್ನು ಸರಿಯಾದ ಒಪ್ಪಿಗೆಯಿಲ್ಲದೆ ಸಂಗ್ರಹಿಸಿ ಮಾರಿದ ಆರೋಪಕ್ಕೆ 2017ರಲ್ಲಿ ಅಮೆರಿಕದ ವಿಜಿಯೋ ಕಂಪೆನಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇವೆಲ್ಲ ಐಬುಗಳು. ಇವು ರಾಶಿಯ ಕೆಳಗಿರುತ್ತವೆ.

ಮೇಲೆ ಇರುವುದೇನು? ‘ನಿಮ್ಮ ಟಿವಿ ಹಳತಾಯಿತು’ ಎಂಬ ಮಾತು. ಇಲ್ಲಿಯೇ ನನಗೆ ಮುಖ್ಯವೆನಿಸುವ ವಿಷಯವಿದೆ. ಐಬು ಬೇರೆ, ಹಳತು ಬೇರೆ. ಐಬು ವಸ್ತುವಿನಲ್ಲಿರುತ್ತದೆ. ಹಳತನ ಬಹಳ ಸಲ ನೋಡುವ ಕಣ್ಣಿನಲ್ಲಿರುತ್ತದೆ. ವಸ್ತುವಿನಲ್ಲಿರುವ ದೋಷವನ್ನು ಮಾರುಕಟ್ಟೆ ಮುಚ್ಚಿಡುತ್ತದೆ, ವಸ್ತುವಿನಲ್ಲಿಲ್ಲದ ದೋಷವನ್ನು ಡಂಗುರ ಹೊಡೆದು ಸಾರುತ್ತದೆ. 2000ದ ದಶಕದಲ್ಲಿ ಪ್ಲಾಸ್ಮಾ ಟಿವಿಗೆ ಲಕ್ಷಗಟ್ಟಲೆ ಕೊಟ್ಟವರಿದ್ದರು. ಅದರ ಚಿತ್ರ ಚೆನ್ನಾಗಿದೆ ಎಂದು ಬಲ್ಲವರೂ ಒಪ್ಪಿದ್ದರು. 2014ರ ಹೊತ್ತಿಗೆ ಪ್ಯಾನಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿ ಮೂವರೂ ಅದನ್ನು ಕೈಬಿಟ್ಟರು. ಒಂದು ದಿನ ಮುಂಚೆ ಚೆನ್ನಾಗಿದ್ದ ಚಿತ್ರ ಮರುದಿನ ಕೆಟ್ಟಿತೇ? ಗೋಡೆಯ ಮೇಲಿನ ಟಿವಿ ಅದೇ ಇತ್ತು, ಅಂಗಡಿಯ ಗೋಡೆ ಬದಲಾಗಿತ್ತು.

1980ರ ದಶಕದಲ್ಲಿ ಒನಿಡಾದ ಜಾಹೀರಾತಿನಲ್ಲಿ ಕೊಂಬು, ಬಾಲವಿದ್ದ ಒಬ್ಬ ಸೈತಾನ ಬರುತ್ತಿದ್ದ. ನೆರೆಯವರು ಹೊಟ್ಟೆಕಿಚ್ಚು ಪಡುವುದೇ ಆ ಟಿವಿಯ ಹೆಗ್ಗಳಿಕೆ ಎಂಬುದು ಅದರ ತಿರುಳು. ನಾವೆಲ್ಲ ಅದನ್ನು ನೋಡಿ ನಕ್ಕೆವು. ಈಗ ಯೋಚಿಸಿದರೆ ಅಷ್ಟು ಪ್ರಾಮಾಣಿಕವಾದ ಜಾಹೀರಾತು ಮತ್ತೊಂದಿಲ್ಲ ಎನ್ನಿಸುತ್ತದೆ. ಹಸದ್, ಅಂದರೆ ಮತ್ಸರ, ದೊಡ್ಡ ಪಾಪಗಳಲ್ಲಿ ಒಂದು ಎಂದು ಮದರಸಾದಲ್ಲಿ ಕಲಿತ ಮಗು ಮನೆಗೆ ಬಂದು ಅದೇ ಮತ್ಸರವನ್ನು ಟಿವಿಯ ಬೆಲೆಪಟ್ಟಿಯ ಭಾಗವಾಗಿ ನೋಡಿತು. ಇಂದಿನ ಜಾಹೀರಾತುಗಳಲ್ಲಿ ಆ ಸೈತಾನ ಕಾಣುವುದಿಲ್ಲ. ಕೆಲಸ ಮಾತ್ರ ನಡೆದಿದೆ.

ಹಾಗೆಂದು ಎಲ್ಲ ತಪ್ಪನ್ನೂ ಅಂಗಡಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಣ್ಣ ಪೇಟೆಯ ಅಂಗಡಿಯವರ ಕಷ್ಟವೂ ನನಗೆ ಗೊತ್ತು. ಜನ ಬಂದು ಅರ್ಧ ಗಂಟೆ ಟಿವಿ ನೋಡಿ, ಎಲ್ಲ ವಿವರ ಕೇಳಿ, ಹೊರಗೆ ನಿಂತು ಮೊಬೈಲಿನಲ್ಲಿ ಆರ್ಡರ್ ಮಾಡುತ್ತಾರೆ. ಅವನ ಅರ್ಧ ಗಂಟೆಗೆ ಬೆಲೆಯಿಲ್ಲವೇ? ಅದೂ ಒಂದು ಬಗೆಯ ತೂಕದ ಮೋಸವೇ. ಕಂಪೆನಿಯವರು ಅವನಿಗೂ ಹೆಚ್ಚಿನದೇನನ್ನೂ ಹೇಳಿರುವುದಿಲ್ಲ. ಆದರೆ ‘ನನಗೆ ಗೊತ್ತಿಲ್ಲ’ ಎಂದು ಹೇಳುವುದೂ ಒಂದು ಪ್ರಾಮಾಣಿಕತೆ. ಗೊತ್ತಿಲ್ಲದೆ ‘ಹತ್ತು ವರ್ಷಕ್ಕೆ ತೊಂದರೆ ಇಲ್ಲ’ ಎನ್ನುವುದು ಒಣಗಿದ ಕಾಳನ್ನು ಮೇಲಿಟ್ಟಂತೆ.

ಕಾನೂನು ಸ್ವಲ್ಪ ನಮ್ಮ ಕಡೆಗಿದೆ. 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಟಿವಿ ಎಲ್ಲಿಂದ ಬಂದಿದ್ದರೂ ಬಾಳೆಗುಳಿಯವರು ಕಾರವಾರದ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವನ್ನೂ ಇಟ್ಟಿರಲಿಲ್ಲ. ಯುರೋಪಿನಲ್ಲಿ 2021ರಿಂದ ಟಿವಿಯ ಪವರ್ ಸಪ್ಲೈ, ರಿಮೋಟ್‌ನಂಥ ಹಲವು ಬಿಡಿಭಾಗಗಳನ್ನು ಮಾರಾಟ ನಿಂತ ಮೇಲೂ ಕನಿಷ್ಠ 7 ವರ್ಷ ಒದಗಿಸಬೇಕೆಂಬ ನಿಯಮವಿದೆ. ನಮ್ಮ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಜಾಲತಾಣ ತೆರೆಯಿತು. ಅದು ಮಾಹಿತಿ ಕೊಡುವ ವ್ಯವಸ್ಥೆ. ಬಿಡಿಭಾಗ ಕೊಡಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. 2025ರ ಸೆಪ್ಟೆಂಬರ್ 22ರಂದು 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಕೊಳ್ಳುವುದು ಅಗ್ಗವಾಯಿತು. ಉಳಿಸಿಕೊಳ್ಳುವುದು ಅಗ್ಗವಾಗಲಿಲ್ಲ.

ಕಾನೂನು ಬರುವವರೆಗೆ ಕೊಳ್ಳುವವನ ಬಾಯಿಯೇ ಅವನ ಕಾನೂನು. ಚಾಲಕರಿಗೆ ನಾನು ಯಾವ ಕಂಪೆನಿಯ ಹೆಸರನ್ನೂ ಹೇಳಲಿಲ್ಲ, ನಾಲ್ಕು ಪ್ರಶ್ನೆಗಳನ್ನು ಹೇಳಿದೆ. ಇದನ್ನು ಮಾಡಿದವರು ಯಾರು, ಹೆಸರು ಯಾರದು? ಕೆಟ್ಟರೆ ಮನೆಗೆ ಬರುವವರು ಯಾರು, ಯಾವ ಊರಿನಿಂದ? ಪ್ಯಾನೆಲಿಗೆ ಎಷ್ಟು ವರ್ಷದ ವಾರಂಟಿ, ಅದು ಬಿಲ್ಲಿನ ಮೇಲೆ ಬರೆದಿದೆಯೇ? ವಾರಂಟಿ ಮುಗಿದ ಮೇಲೆ ಪ್ಯಾನೆಲಿನ ಬೆಲೆ ಎಷ್ಟು? ಇವಕ್ಕೆ ಕಾಗದದ ಮೇಲೆ ಉತ್ತರ ಕೊಡುವವರ ಹತ್ತಿರ, ಎರಡು ಸಾವಿರ ಹೆಚ್ಚಾದರೂ, ಪರದೆ ನಾಲ್ಕು ಇಂಚು ಕಡಿಮೆಯಾದರೂ ಕೊಳ್ಳುವುದು ಲೇಸು. ಪರದೆಯ ಹಿಂದಿನ ದೀಪ ಮಾತ್ರ ಹೋಗಿದ್ದರೆ ಊರಿನ ಮೆಕ್ಯಾನಿಕ್ಕೇ ಬದಲಾಯಿಸಿಕೊಡಬಲ್ಲ ಎಂಬುದನ್ನೂ ಹೇಳಿದೆ. ಅಂಥ ಮೆಕ್ಯಾನಿಕ್‌ಗಳು ಊರಿನಲ್ಲಿ ಉಳಿಯಬೇಕಾದರೆ ನಾವು ಅವರ ಬಳಿಗೆ ಹೋಗುತ್ತಿರಬೇಕು.

ಇನ್ನೊಂದು ಪ್ರಶ್ನೆಯನ್ನು ಅಂಗಡಿಯವನಿಗೆ ಕೇಳಲಾಗುವುದಿಲ್ಲ, ಮನೆಯಿಂದ ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಮನೆಯಲ್ಲಿರುವುದಕ್ಕೆ ಐಬು ಬಂದಿದೆಯೇ, ಅಥವಾ ಅದು ಹಳತು ಎಂದು ಯಾರಾದರೂ ನಮ್ಮ ಕಿವಿಯಲ್ಲಿ ಹೇಳಿದರೇ? ಐಬು ಬಂದಿದ್ದರೆ ಹೊಸದನ್ನು ತರುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ದುಡಿದು ಬಂದವನು ರಾತ್ರಿ ಹೆಂಡತಿ ಮಕ್ಕಳ ಜೊತೆ ಕುಳಿತು ಒಂದು ಗಂಟೆ ನಗುವುದು ಇಸ್ರಾಫ್ ಅಲ್ಲ. ಬರೀ ಹಳತಾಗಿದೆ ಎಂದಾದರೆ, ಆ ಮಾತನ್ನು ಹೇಳಿದವನ ಲಾಭವೇನು ಎಂದು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು. ತಕ್ಕಡಿಯ ಒಂದು ತಟ್ಟೆ ಮಾರುವವನ ಕೈಯಲ್ಲಿದ್ದರೆ ಇನ್ನೊಂದು ನಮ್ಮ ಕೈಯಲ್ಲೇ ಇದೆ.