ಅಜ್ಜಿ ಮುಚ್ಚಿಟ್ಟ ಊರು

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬೆಳೆದ ಸ್ಯಾಲಿ ಮಾರ್ಗನ್‌ಗೆ ಶಾಲೆಯ ಮಕ್ಕಳು ಕೇಳುತ್ತಿದ್ದರು: ನೀವು ಯಾವ ದೇಶದವರು? ಆಕೆ ತಾಯಿಯನ್ನು ಕೇಳಿದಳು. ಇಂಡಿಯಾದವರೆಂದು ಹೇಳು ಅಂದಳು ತಾಯಿ. 1987ರಲ್ಲಿ ಬಂದ ಆಕೆಯ ಆತ್ಮಕಥೆ 'ಮೈ ಪ್ಲೇಸ್'ನಲ್ಲಿ ಈ ಪ್ರಸಂಗ ಓದಿದಾಗಿನಿಂದ ಅದು ನನ್ನನ್ನು ಬಿಟ್ಟಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ದೇಶದ ಹೆಸರು ಇನ್ನಾವುದೋ ಮನೆಯಲ್ಲಿ ಮರೆಯ ಪರದೆಯಾಗಿತ್ತು. ತಾಯಿ ಗ್ಲಾಡಿಸ್, ಅಜ್ಜಿ ಡೇಸಿ ಇಬ್ಬರೂ ಆ ನೆಲದ್ದೇ ಮೂಲನಿವಾಸಿಗಳು. ಸ್ವಂತ ನೆಲದಲ್ಲಿ ಬದುಕಲು ಪರದೇಶಿಗಳಂತೆ ನಟಿಸಬೇಕಿತ್ತು.

ಯಾಕೆ ಹಾಗೆ ಎಂದು ತಿಳಿಯಲು ಅಲ್ಲಿನ ಕಾನೂನುಗಳನ್ನು ನೋಡಬೇಕು. ಪಶ್ಚಿಮ ಆಸ್ಟ್ರೇಲಿಯದ 1905ರ ಕಾಯ್ದೆಯ ಪ್ರಕಾರ ಮೂಲನಿವಾಸಿ ಮಗುವಿಗೆ 16 ತುಂಬುವವರೆಗೆ ಕಾನೂನುಬದ್ಧ ಪೋಷಕ ಸರ್ಕಾರದ ಮುಖ್ಯ ಸಂರಕ್ಷಕ; ಹೆತ್ತವರಲ್ಲ. ಡೇಸಿ ಹದಿಹರೆಯದಲ್ಲೇ ಹುಟ್ಟಿದ ನೆಲ ಬಿಟ್ಟು ಪರ್ತ್‌ನ ಬಿಳಿಯರ ಮನೆಯಲ್ಲಿ ದುಡಿಯಬೇಕಾಯಿತು. ಅವಳ ಮಗಳು ಗ್ಲಾಡಿಸ್ ಮಕ್ಕಳ ಆಶ್ರಮದಲ್ಲಿ ಬೆಳೆದಳು. 1944ರ ಇನ್ನೊಂದು ಕಾಯ್ದೆ ಪೌರತ್ವದ ಆಸೆ ತೋರಿಸಿತು, ಆದರೆ ಅರ್ಜಿ ಹಾಕುವವರು ತೀರ ಹತ್ತಿರದ ರಕ್ತಸಂಬಂಧಿಗಳನ್ನು ಬಿಟ್ಟು ಉಳಿದ ತಮ್ಮ ಜನರ ಸಹವಾಸವನ್ನು ಎರಡು ವರ್ಷ ಮೊದಲೇ ಕಡಿದುಕೊಂಡಿರಬೇಕಿತ್ತು. ಇಷ್ಟನ್ನೆಲ್ಲ ಕಂಡ ತಾಯಿ ಮಕ್ಕಳನ್ನು ಉಳಿಸಿಕೊಳ್ಳಲು ಮತ್ತೇನು ಹೇಳಿಯಾಳು? ಅದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

ವಂಶದ ಬೇರು ಹುಡುಕುವವರಿಗೆ ಅಲ್ಲಿ ಎದುರಾಗುವ ಸಂಕಟವೂ ಈ ಕಾನೂನುಗಳಿಂದಲೇ ಬಂದದ್ದು. ಮಕ್ಕಳನ್ನು ಕಿತ್ತುಕೊಂಡ ಕಚೇರಿಗಳು ಬರೆದಿಟ್ಟ ಕಡತಗಳಲ್ಲೇ ಅಜ್ಜ ಅಜ್ಜಿಯರ ಹೆಸರು ಹುಡುಕಬೇಕು. ಅಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಅವರ ರಕ್ತದ ಪಾಲಿನ ಲೆಕ್ಕ ಸಿಗುತ್ತದೆ. ಸ್ಯಾಲಿಯೂ ಗ್ರಂಥಾಲಯದಲ್ಲಿ ಹಳೆಯ ದಾಖಲೆ ಓದಿದಳು. ಅಜ್ಜಿಯ ಅಣ್ಣ ಆರ್ಥರ್‌ನ ಬದುಕನ್ನು ಅವನ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿಕೊಂಡಳು. ಆಮೇಲೆ ತಾಯಿಯನ್ನು ಕರೆದುಕೊಂಡು ಉತ್ತರದ ಪಿಲ್ಬರಾ ಸೀಮೆಗೆ, ಅಜ್ಜಿ ಹುಟ್ಟಿದ ಕೊರುನ್ನಾ ಡೌನ್ಸ್‌ಗೆ ಹೋದಳು. ಅಲ್ಲಿನ ಹಿರಿಯರು ಇವರು ಯಾರ ಕಡೆಯವರು, ಯಾವ ಬಳಿಗೆ ಸೇರಿದವರು ಎಂದು ನೆನಪಿನಿಂದಲೇ ಹೇಳಿದರು. ಕಡತ ಮಾಡದ ಕೆಲಸವನ್ನು ನೆನಪು ಮಾಡಿತು.

ನನಗೆ ಮುಖ್ಯವೆನಿಸುವುದು ಆ ಕ್ಷಣ. ಪೂರ್ವಿಕರ ಹೆಸರು ಸಿಕ್ಕಿದ ಮಾತ್ರಕ್ಕೆ ಯಾರೂ ಆ ಜನರವರಾಗುವುದಿಲ್ಲ. ಆಸ್ಟ್ರೇಲಿಯದಲ್ಲಿ ರೂಢಿಯಲ್ಲಿರುವ ವ್ಯಾಖ್ಯೆ ಮೂರನ್ನು ಕೇಳುತ್ತದೆ: ವಂಶ ಇರಬೇಕು, ತಾನು ಅವರವನೆಂದು ಒಪ್ಪಿಕೊಳ್ಳಬೇಕು, ಸಮುದಾಯವೂ ತನ್ನವನೆಂದು ಒಪ್ಪಬೇಕು. ಮೂರನೆಯದು ಯಾವ ಪ್ರಯೋಗಾಲಯದ ವರದಿಯಲ್ಲೂ ಸಿಗದು. ಅದಕ್ಕೆ ಹೋಗಿ ಅವರ ಜೊತೆ ಕೂರಬೇಕು, ಅವರ ನೋವಿಗೆ ಹೆಗಲಾಗಬೇಕು.

ನಮ್ಮ ಮನೆಗಳಲ್ಲೂ ಹಿರಿಯರು ಮಾತು ಮರೆಸುವ ವಿಷಯಗಳಿರುತ್ತವೆ. ಅಜ್ಜಿ ಸುಮ್ಮನಾದರೆ ಮರೆತಿದ್ದಾಳೆ ಎಂದುಕೊಳ್ಳುತ್ತೇವೆ. ಡೇಸಿ ಏನನ್ನೂ ಮರೆತಿರಲಿಲ್ಲ. ವರ್ಷಗಟ್ಟಲೆ ಮೊಮ್ಮಗಳನ್ನು ಗದರಿಸಿ ಕಳಿಸಿ, ಕೊನೆಗಾಲದಲ್ಲಿ ತನ್ನ ಕಥೆ ಹೇಳಿದಳು. ಆಗಲೂ ಎಲ್ಲವನ್ನೂ ಹೇಳಲಿಲ್ಲ. ಕೆಲವು ಗುಟ್ಟುಗಳನ್ನು ಇಟ್ಟುಕೊಂಡೇ 1983ರಲ್ಲಿ ತೀರಿಕೊಂಡಳು. ನಿಮ್ಮ ಹಿರಿಯರನ್ನು ಅವರಿರುವಾಗಲೇ ಕೇಳಿ. ಹೇಳಲಾರೆ ಎಂದರೆ, ಅದನ್ನೂ ಗೌರವದಿಂದ ಬರೆದಿಟ್ಟುಕೊಳ್ಳಿ.