ಕಲ್ಕುಡನ ಕೈ

ಅನ್ಯಾಯವನ್ನು ಹಾಡಿ ಹೇಳಿದರೆ ಏನಾಗುತ್ತದೆ? ಹೋದ ಜೀವ ಬರುವುದಿಲ್ಲವಲ್ಲ. ಅಮೆರಿಕದಲ್ಲಿ ಪೊಲೀಸರ ದೌರ್ಜನ್ಯದ ವಿರುದ್ಧ ಬೀದಿಗಿಳಿದ ಕಪ್ಪು ಜನ 2015ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪ್ ಗಾಯಕನ ಹಾಡನ್ನು ಘೋಷಣೆಯ ಹಾಗೆ ಕೂಗಿದರಂತೆ. ಅಕ್ಕನ ಮಗ ಅದನ್ನೊಂದು ಹೊಸ ಸಂಗತಿಯೆಂಬಂತೆ ಹೇಳುತ್ತಾನೆ. ನನಗೆ ನೆನಪಾಗುವುದು ಬಂಟ್ವಾಳದ ಕಡೆಯ ಗದ್ದೆಗಳು. ನೇಜಿ ನೆಡುವಾಗ ಒಬ್ಬಳು ಪಾಡ್ದನ ಎತ್ತಿಕೊಂಡರೆ ಉಳಿದವರು ಬಗ್ಗಿದಲ್ಲಿಂದಲೇ ದನಿಗೂಡಿಸುತ್ತಿದ್ದರು.

ಕಲ್ಕುಡನ ಕಥೆ ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರು ಕಡಿಮೆ. ಕಾರ್ಕಳದ ಅರಸ ಅವನಿಂದ ಗೊಮ್ಮಟನನ್ನು ಕೆತ್ತಿಸಿದ. ಅಂಥದ್ದು ಇನ್ನೆಲ್ಲೂ ಏಳಬಾರದೆಂದು ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದೇ ಕೈಯಿಂದ ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ಎಬ್ಬಿಸಿದನಂತೆ. ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ, ದೈವವಾಗಿ ಅರಸನನ್ನು ಕಾಡಿದಳು. ಬೀಡಿ ಕಟ್ಟಿ ಬೆರಳು ಸವೆಸಿದ ಬೆಳ್ತಂಗಡಿ ಕಡೆಯ ಹೆಂಗಸರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಲೆಕ್ಕ ಹಾಕಿದರೆ ಕಥೆ ನಿಲ್ಲುವುದಿಲ್ಲ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ! ಕಾರ್ಕಳದಲ್ಲಿ ಮೂರ್ತಿ ನಿಲ್ಲಿಸಿದ ವೀರಪಾಂಡ್ಯ ಯಾರದೋ ಕೈ ಕಡಿಸಿದನೆಂದು ಶಾಸನ ಹೇಳುವುದಿಲ್ಲ. ಸಾಕ್ಷಿಯಿಲ್ಲದೆ ಒಬ್ಬನ ಮೇಲೆ ಶತಮಾನಗಟ್ಟಲೆ ಅಪವಾದ ಹೊರಿಸುವುದು ನ್ಯಾಯವೇ? ಹಾಡು ಎಂಬ ಕಾರಣಕ್ಕೆ ಈ ಪ್ರಶ್ನೆಯನ್ನು ತೇಲಿಸಿಬಿಡಲು ನಾನು ಒಪ್ಪುವುದಿಲ್ಲ. ಇಂದಿನ ಹಾಡುಗಾರರಿಗೂ ಇದು ಅನ್ವಯಿಸುತ್ತದೆ.

ಹಾಗೆಂದು ಪಾಡ್ದನವನ್ನು ಸುಳ್ಳು ಎನ್ನಲೂ ಮನಸ್ಸು ಬಾರದು. ಶಾಸನ ಬರೆಸಿದವರು ಉಳ್ಳವರು. ತಮ್ಮ ಕ್ರೌರ್ಯವನ್ನು ಅವರೇ ಕಲ್ಲಿನಲ್ಲಿ ಕೆತ್ತಿಸಿಯಾರೇ? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಬೆರಗಾಗಿ ನೋಡುತ್ತೇವೆ, ಕಟ್ಟಿಸಿದ್ದು ಯಾರೆಂದು ಕೇಳುತ್ತೇವೆ. ಉಳಿ ಹಿಡಿದವನ ಗತಿ ಏನಾಯಿತೆಂದು ಕೇಳಿದ್ದು ಗದ್ದೆಯ ಹೆಂಗಸರು. ಹೆಸರು, ಇಸವಿ ತಪ್ಪಿರಬಹುದು, ಕೇಳಿದ ಪ್ರಶ್ನೆ ತಪ್ಪಲ್ಲ.

ನನ್ನನ್ನು ಕಾಡುವುದು ಬೇರೆಯೇ. ಕಲ್ಕುಡ, ಕಲ್ಲುರ್ಟಿ ಇಬ್ಬರನ್ನೂ ದೈವ ಮಾಡಿ ಕೈಮುಗಿದೆವು. ಪಾಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಇಂದಿಗೂ ಕೋಲದ ಹರಕೆ ಸಲ್ಲುತ್ತದೆ. ಅನ್ಯಾಯವಾದರೆ ‘ಅಪ್ಪೆ ನೋಡಿಕೊಳ್ಳಲಿ’ ಎಂದು ಹೇಳಿ ಹಗುರಾಗುವವರು ನಮ್ಮಲ್ಲಿ ಎಷ್ಟಿಲ್ಲ! ರಾತ್ರಿಯಿಡೀ ತೆಂಬರೆ ಬಡಿದು ಈ ಕಥೆ ಹಾಡಿದಾಕೆಯನ್ನು ಬೆಳಗಾದ ಮೇಲೆ ಜಗಲಿ ಹತ್ತಲು ಬಿಡದ ಮನೆಗಳಿದ್ದವು. ಅವಳಿಗೆ ಅಂಗಳದ ಆಚೆ ಎಲೆ ಹಾಕಿ ಬಡಿಸುತ್ತಿದ್ದರು. ಆ ಪಾಡ್ದನವನ್ನು ಇನ್ನೂ ಯಾರೂ ಕಟ್ಟಿದಂತಿಲ್ಲ.