ಶಿಲುಬೆ ಕದ್ದವರು, ಮಾತು ಕದ್ದವರು

ಅಪ್ಪ ಅಮ್ಮ ಸತ್ತ ಮಗುವಿಗೆ ನಾವು ಏನು ಹೇಳ್ತೀವಿ? 'ದೇವರ ಹತ್ರ ಹೋದ್ರು' ಅಂತೀವಿ. ಅಲ್ಲಿಗೆ ನಮ್ಮ ಕೆಲಸ ಮುಗೀತು. ಆದರೆ ಮಗುವಿನ ಕೆಲಸ ಶುರುವಾಗುವುದೇ ಆಮೇಲೆ.

ರೆನೆ ಕ್ಲೆಮಾಂ 1952ರಲ್ಲಿ ತೆಗೆದ ಫ್ರೆಂಚ್ ಚಿತ್ರ 'ನಿಷಿದ್ಧ ಆಟಗಳು' ಈ ಆಮೇಲಿನ ಕತೆ. 1940ರ ಜೂನ್. ಜರ್ಮನ್ ಸೇನೆಗೆ ಹೆದರಿ ಪ್ಯಾರಿಸ್ಸಿನ ಜನ ಗಂಟುಮೂಟೆ ಕಟ್ಟಿ ಓಡುತ್ತಿದ್ದಾರೆ. ವಿಮಾನಗಳು ಅವರ ಮೇಲೆ ಗುಂಡು ಸುರಿಸುತ್ತವೆ. ಐದು ವರ್ಷದ ಪೊಲೆಟ್‌ಳ ಅಪ್ಪ, ಅಮ್ಮ ಇಬ್ಬರೂ ಸಾಯುತ್ತಾರೆ. ಅವಳ ನಾಯಿಮರಿಯೂ ಸಾಯುತ್ತದೆ. ಯಾರೋ ಹೆಂಗಸು ನಾಯಿಯ ಹೆಣವನ್ನು ಹೊಳೆಗೆ ಎಸೆಯುತ್ತಾಳೆ. ಮಗು ಓಡಿಹೋಗಿ ಅದನ್ನು ಎತ್ತಿಕೊಳ್ಳುತ್ತದೆ.

ದೊಲೆ ಎಂಬ ರೈತನ ಮನೆಯಲ್ಲಿ ಅವಳಿಗೆ ನೆಲೆ ಸಿಗುತ್ತದೆ. ಆ ಮನೆಯ ಹುಡುಗ ಮಿಶೆಲ್ ಅವಳಿಗೆ ಪ್ರಾರ್ಥನೆ ಕಲಿಸುತ್ತಾನೆ. ಆದರೆ ಅವಳ ಚಿಂತೆ ಸ್ವರ್ಗದ್ದಲ್ಲ. ಗುಂಡಿಯೊಳಗೆ ನಾಯಿಮರಿ ಒಂಟಿಯಾಗಿದೆಯಲ್ಲ, ಅದಕ್ಕೆ ಜೊತೆ ಬೇಕಲ್ಲ ಅನ್ನೋದು. ಹಾಗಾಗಿ ಪಾಳುಬಿದ್ದ ಗಿರಣಿಯಲ್ಲಿ ಇಬ್ಬರೂ ಸೇರಿ ಒಂದು ಸ್ಮಶಾನ ಕಟ್ಟುತ್ತಾರೆ. ಕೋಳಿಮರಿಗೂ ಒಂದು ಗೋರಿ, ಹುಳುವಿಗೂ ಒಂದು ಗೋರಿ. ಶಿಲುಬೆಗಳನ್ನು ಮಿಶೆಲ್ ಊರ ಸ್ಮಶಾನದಿಂದ ಕದ್ದು ತರುತ್ತಾನೆ.

ಮಿಶೆಲ್‌ನನ್ನೂ ಕ್ಲೆಮಾಂ ದೇವರ ಕೂಸು ಮಾಡಿಲ್ಲ. ಜಿರಲೆಯೊಂದನ್ನು ಚುಚ್ಚಿ ಕೊಂದು, ಕೊಂದದ್ದು ತಾನಲ್ಲ, ಬಾಂಬು ಎನ್ನುತ್ತಾನೆ. ಎಲ್ಲಿ ಕಲಿತ ಈ ಮಾತು? ಕೊಂದವರ್ಯಾರೂ ಕೊಲೆಗಾರರಲ್ಲದ ಲೋಕದಿಂದ ತಾನೇ? ಬೇಡ ಅಂತ ಅಳುವವಳು ಪೊಲೆಟ್.

ಇತ್ತ ದೊಡ್ಡವರು ಏನು ಮಾಡುತ್ತಿದ್ದಾರೆ? ಮಗನ ಗೋರಿಯ ಶಿಲುಬೆ ಕಾಣೆಯಾಯಿತೆಂದು ದೊಲೆ ನೆರೆಯ ಗುವಾರನ ಮೇಲೆ ಬೀಳುತ್ತಾನೆ. ಇಬ್ಬರೂ ಸ್ಮಶಾನದಲ್ಲೇ ಹೊಡೆದಾಡಿ ತೋಡಿದ ಗುಂಡಿಗೆ ಉರುಳುತ್ತಾರೆ. ಮಕ್ಕಳಿಗೆ ಶಿಲುಬೆ ಸತ್ತವರ ಜೊತೆಗಾರ. ಹಿರಿಯರಿಗೆ ಅದು ಮನೆತನದ ಮಾನ, ಹಳೇ ಹಗೆಗೊಂದು ನೆಪ.

ಆದರೂ ಮಕ್ಕಳು ಕದ್ದದ್ದು ತಪ್ಪಲ್ಲವೇ ಎಂದು ಕೇಳಬಹುದು. ತಪ್ಪೇ. ಆ ಗೋರಿಗಳ ಹಿಂದೆಯೂ ಯಾರದೋ ಕಣ್ಣೀರಿದೆ. ಆದರೆ ಅದಕ್ಕಿಂತ ದೊಡ್ಡ ಕಳವು ಕೊನೆಯಲ್ಲಿದೆ. ಪೊಲೆಟ್‌ಳನ್ನು ಕರೆದೊಯ್ಯಲು ಪೊಲೀಸರು ಬರುತ್ತಾರೆ. ಶಿಲುಬೆ ಎಲ್ಲಿವೆ ಹೇಳು, ಅವಳನ್ನು ಉಳಿಸಿಕೊಳ್ಳುತ್ತೇನೆ ಎಂದು ಅಪ್ಪ ಮಾತು ಕೊಡುತ್ತಾನೆ. ಹುಡುಗ ನಂಬಿ ಹೇಳುತ್ತಾನೆ. ಅಪ್ಪ ಕಾಗದಕ್ಕೆ ರುಜು ಹಾಕಿ ಅವಳನ್ನು ಕಳಿಸಿಬಿಡುತ್ತಾನೆ. ಮಿಶೆಲ್ ಗಿರಣಿಗೆ ಓಡಿ ಶಿಲುಬೆಗಳನ್ನೆಲ್ಲ ಕಿತ್ತು ನೀರಿಗೆ ಎಸೆಯುತ್ತಾನೆ.

ಅವನು ಎಸೆದದ್ದು ದೇವರನ್ನೋ, ಅಪ್ಪನ ಮಾತನ್ನೋ? ನನಗೆ ಎರಡೂ ಒಂದೇ ಅನ್ನಿಸುತ್ತದೆ. ಮಗುವಿಗೆ ದೇವರು ಪರಿಚಯವಾಗುವುದು ಮಂತ್ರದಿಂದಲ್ಲ, ಹಿರಿಯರು ಉಳಿಸಿಕೊಂಡ ಮಾತಿನಿಂದ.

ರೆಡ್‌ಕ್ರಾಸ್‌ನವರು ಕೂರಿಸಿದ ರೈಲು ನಿಲ್ದಾಣದಲ್ಲಿ ಯಾರೋ 'ಮಿಶೆಲ್' ಎಂದು ಕೂಗುತ್ತಾರೆ. ಪೊಲೆಟ್ ಅವನ ಹೆಸರು ಕೂಗುತ್ತ ಎದ್ದು ಹೋಗುತ್ತಾಳೆ. ಆಮೇಲೆ 'ಅಮ್ಮಾ' ಎನ್ನುತ್ತ ಜನರ ನಡುವೆ ಓಡುತ್ತಾಳೆ. ಜೊತೆಗಾರ ಇದ್ದಷ್ಟು ದಿನ ತಡೆದಿದ್ದ ದುಃಖ ಈಗ ಒಡೆದಿದೆ.

ಸಾವಿಗೆ ಅರ್ಥ ಹೇಳುವುದು ನಮ್ಮ ಕೈಲಾಗದಿರಬಹುದು. ಆದರೆ ದುಃಖದಲ್ಲಿರುವ ಮಗುವಿನಿಂದ ಅದರ ಜೊತೆಗಾರನನ್ನು ಕಿತ್ತುಕೊಳ್ಳದಿರುವುದು, ಕೊಟ್ಟ ಮಾತು ತಪ್ಪದಿರುವುದು? ಅದಂತೂ ನಮ್ಮ ಕೈಯಲ್ಲೇ ಇದೆ.